ಹಾಫ್‌ಬ್ಯಾಕಿನ ಮೊಣಕಾಲು

ನನ್ನ ಹುಡುಕ್ಕೊಂಡು ಬರೋ ಹುಡುಗೂರು ಮೊದಲಿಗೆ ಕೇಳೋದು ಒಂದೇ ಮಾತು: "ಕಾಕಾ, ನೀವು ಎಷ್ಟು ಗೋಲ್ ಹೊಡದೀರಿ?" ಹದಿನೈದು ವರ್ಷದಾಗ ಮೂರು, ಅಂತೀನಿ. ಅವರ ಮಾರಿ ಇಳೀತದ. ಆ ಮೂರರಾಗ ಒಂದು ನಮ್ಮ ಗೋಲಿಗೇ ಹೊಡದದ್ದು ಅಂದಕೂಡಲೇ ನಗಬೇಕೋ ಬಿಡಬೇಕೋ ತಿಳೀದ ಒಬ್ಬರ ಮಾರಿ ಒಬ್ಬರು ನೋಡ್ತಾರ. ನಗ್ರಿ, ನಗ್ರಿ. ಆದ್ರ ಪುಣೆ ಕ್ಯಾಂಪಿನ ಹಳೇ ಮಂದೀನ ಕೇಳಿ ನೋಡ್ರಿ, ಚನ್ನಪ್ಪ ಹಾಫ್‌ಬ್ಯಾಕ್ ಅಂದ್ರ ಯಾರು ಅಂತ. ಗೋರಾ ಪಲ್ಟನ್ನಿನ ಇಂಗ್ಲೀಷ್ ಸಿಪಾಯಿಗಳು ಸುದ್ದಾ ನನ್ನ ಹೆಸರು ಕಲ್ತಿದ್ರು. ಹೇಳಲಿಕ್ಕೆ ನಾಲಿಗಿ ಹೊರಳತಿರಲಿಲ್ಲ, ಆ ಮಾತು ಬ್ಯಾರೆ.

ಆಗಿನ ಆಟದಾಗ ಹಿಂದ ಇಬ್ಬರು, ನಡುವ ಮೂವರು, ಮುಂದ ಐದು ಮಂದಿ. ನಡುವಿನವರೇ ಹಾಫ್‌ಬ್ಯಾಕ್. ಆ ಮೂವರೊಳಗ ನಟ್ಟನಡುವಿನಾಂವ ನಾನು. ಹಿಂದಿನವರಿಂದ ಚೆಂಡು ಇಸಗೊಳ್ಳೋದು, ಮುಂದಿನವರಿಗೆ ಕೊಡೋದು. ಎದುರಿನವರು ತಂದ್ರ ಕಸಗೊಳ್ಳೋದು, ಮತ್ತ ಕೊಡೋದು. ಮನಿ ನಡಸೋ ಹೆಣ್ಣಮಗಳ ಕೆಲಸ ಇದ್ದಂಗ ಇದು. ಆಕಿ ಇರೋತನಕ ಯಾರ ಕಣ್ಣಿಗೂ ಬೀಳೂದಿಲ್ಲ, ಒಂದು ವಾರ ತವರಿಗೆ ಹೋದ್ಳಂದ್ರ ಎಲ್ಲಾರೂ ಉಪವಾಸ.

ಫುಟ್‌ಬಾಲ್ ಆಡಿ ಹೊಟ್ಟಿ ಹೊರಕೊಂಡೆ ಅಂದ್ರ ಈಗಿನವರು ನಂಬೂದಿಲ್ಲ. ನಮ್ಮಪ್ಪ ಧಾರವಾಡದ ಬಾಜೂ ಹಳ್ಳಿಯಿಂದ ಬಂದು ಕ್ಯಾಂಪಿನಾಗ ಪಲ್ಟನ್ನಿನ ಅಂಗಿ ಹೊಲೀತಿದ್ದ. ನಾನೂ ಸೂಜಿ ಹಿಡೀಬೇಕಾದಾಂವನೇ. ಒಂದು ಸಂಜಿ ಮೈದಾನದಾಗ ನಾ ಆಡೋದನ್ನ ಒಂದು ಕಾರ್ಖಾನೆಯ ದೊಡ್ಡ ಸಾಹೇಬ ನೋಡಿದ. ಮರುದಿನ ಕರೆಸಿದ, ಹೆಸರು ಬರಸಿದ. ಕಾಗದದ ಮ್ಯಾಲೆ ನಾನು ಫಿಟ್ಟರ್. ಖರೇ ಹೇಳಬೇಕಂದ್ರ ಕಬ್ಬಿಣ ಉಜ್ಜೋ ಕಾನಸು ಉದ್ದ ಇರ್ತದೋ ಗುಂಡಗ ಇರ್ತದೋ ನನಗ ಗೊತ್ತಿರಲಿಲ್ಲ. ಮುಂಜಾನೆ ಎದ್ದು ಓಡೋದು, ಹಾಲು ಕುಡಿಯೋದು, ಸಂಜಿಗೆ ಆಡೋದು. ಇರಲಿಕ್ಕೆ ಚಾಳಿನಾಗ ಒಂದು ಖೋಲಿ. ರಾಜಾನ ನೌಕರಿ ನೋಡ್ರಿ.

ಆದ್ರ ರಾಜಾನ ನೌಕರಿಗೂ ಒಂದು ಕರಾರು ಇತ್ತು. ಆಡೋ ಹನ್ನೊಂದು ಮಂದಿಯೊಳಗ ಇರೋತನಕ ನಿನ್ನ ಯಾರೂ ಮುಟ್ಟೂದಿಲ್ಲ. ಹೊರಗ ಬಿದ್ದಿ ಅಂದ್ರ ಫೋರ್‌ಮನ್ ಬಂದು ನೋಡ್ತಾನ. ಇಂವಗ ಕೆಲಸ ಬರ್ತದ ಅಂತ ಅಂವ ಹೂಂ ಅಂದ್ರ ಇರ್ತಿ. ಇಲ್ಲಾಂದ್ರ ಗಂಟು ಕಟ್ಟು, ಖೋಲಿ ಬಿಡು. ಹುಡುಗೂರಾ, ಈಗ ನಿಮಗೂ ಆಟ ನೋಡಿ ನೌಕರಿ ಕೊಡೋರದಾರ. ಈ ಕರಾರು ನಿಮ್ಮ ಕಾಗದದಾಗೂ ಎಲ್ಲ್ಯಾರ ಸಣ್ಣ ಅಕ್ಷರದಾಗ ಇರ್ತದ, ನೋಡಿಕೊಳ್ರಿ.

ನಾ ಸೇರಿದ ವಾರದಾಗೇ ಬೆಳಗಾವಿ ಕಡೀಯಿಂದ ವೆಂಕಪ್ಪ ಅನ್ನಾಂವ ಸೇರಿದ. ಅಂವ ಎಡಗಡೆ ಹಾಫ್‌ಬ್ಯಾಕ್. ಕಟ್ಟಿಗಿ ಹಂಗ ಮೈ, ಮಾತು ಕಡಿಮಿ, ಓಡಲಿಕ್ಕೆ ನಿಂತ್ರ ದಣಿವು ಅಂಬೋದಿಲ್ಲ. ಮುಂಜಾನೆ ಓಟ ಮುಗದ ಮ್ಯಾಲೆ ನಾ ಬೇವಿನ ನೆರಳಾಗ ಕಾಲು ಚಾಚಿ ಮಲಗತಿದ್ದೆ, ಅಂವ ಹೋಗಿ ಲೇಥ್ ಮಷೀನಿನ ಮುಂದ ನಿಲ್ಲತಿದ್ದ. ಕಬ್ಬಿಣದ ಪಿನ್ನು ತಿರುವೋದು ಕಲ್ತ. ಕೈಯೆಲ್ಲಾ ಎಣ್ಣಿ, ಉಗುರೆಲ್ಲಾ ಕರಿ.

"ಲೇ ಚನ್ನ್ಯಾ," ಅಂತಿದ್ದ, "ಕಾಲು ಇವತ್ತು ಅದಾವ, ನಾಳೆ ಇರೂದಿಲ್ಲ. ಕೈಗೊಂದು ಕೆಲಸ ಕಲಿಯೋ."

"ಕಾಲು ಗಟ್ಟಿ ಇರೋತನಕ ಕೈಗ್ಯಾಕ ತ್ರಾಸ ಕೊಡ್ಲಿ?" ಅಂತಿದ್ದೆ ನಾನು. ಶಾಣ್ಯಾತನ ನೋಡ್ರಿ ನಂದು.

ನಾವು ಬರಿಗಾಲಿಲೆ ಆಡತಿದ್ವಿ. ಕಾಲಿನ ಹರಡಿಗೆ ಬಟ್ಟಿ ಪಟ್ಟಿ ಸುತ್ತಿಕೊಂಡ್ರ ಮುಗೀತು. ಮ್ಯಾಚಿಗೆ ಮೊದಲು ನಾನೂ ವೆಂಕಪ್ಪನೂ ಇಡೀ ಮೈದಾನ ಒಂದು ಸುತ್ತು ಸಾವಕಾಶ ನಡೀತಿದ್ವಿ. ಎಲ್ಲಿ ಮುರಮು ಗಟ್ಟಿ ಅದ, ಎಲ್ಲಿ ಕರೀ ಮಣ್ಣು ಮೆತ್ತಗದ, ಎಲ್ಲಿ ಚೆಂಡು ಪುಟೀತದ, ಎಲ್ಲಿ ಸಾಯತದ, ಎಲ್ಲಾ ಅಂಗಾಲಿಗೆ ತಿಳೀತಿತ್ತು. ಇದಕ್ಕ ನಾವು ನೆಲಾ ಓದೋದು ಅಂತಿದ್ವಿ. ಬಾಕಿ ಮಂದಿ ನಗತಿದ್ರು. ಕುಣೀಲಿಕ್ಕೆ ಬರದಾಕಿ ನೆಲ ಡೊಂಕು ಅಂದ್ಳಂತ. ನಾವು ಕುಣೀಲಿಕ್ಕೆ ಬಂದೋರು, ಅದಕ್ಕ ಡೊಂಕು ಎಲ್ಲೆಲ್ಲಿ ಅದ ಅಂತ ಮೊದಲೇ ನೋಡಿಕೊಳ್ಳತಿದ್ವಿ. ನೆಲ ಒಣಗಿದ್ರ ಗೋರಾಗಳು ಬೂಟು ಹಾಕ್ಕೊಂಡು ನಮ್ಮ ಹಿಂದ ತಿರುಗಿ ತಿರುಗಿ ಸುಸ್ತಾಗತಿದ್ರು. ಮಳಿ ಬಂತೋ, ನಮ್ಮ ಕಥಿ ಮುಗೀತು. ಅವರ ಬೂಟು ಮಣ್ಣಾಗ ಕಚ್ಚಿ ಹಿಡೀತಿದ್ವು, ನಾವು ಜಾರಿ ಜಾರಿ ಬೀಳತಿದ್ವಿ. ಪುಣೇದಾಗ ಫುಟ್‌ಬಾಲ್ ನಡಿಯೋದು ಮಳಿಗಾಲದಾಗೇ, ಏನ್ ಮಾಡ್ತೀರಿ?

ಒಮ್ಮೆ ಸಾಹೇಬ ಎಲ್ಲಾರಿಗೂ ಬೂಟು ಕೊಡಿಸಿದ. ಹಾಕ್ಕೊಂಡು ಆಡಿದ್ವಿ. ಎರಡು ಕೊಡದಾಗ ಕಾಲು ಇಟ್ಟಂಗಾತು ನನಗ. ನಮ್ಮ ಗೋಲಿಗೇ ಹೊಡದದ್ದು ಅವತ್ತೇ. ಚೆಂಡು ವೆಂಕಪ್ಪಗ ಕೊಡಲಿಕ್ಕೆ ಹೋದೆ, ಬೂಟಿನ ಮೂತಿಗೆ ಬಡದು ಹಿಂದಕ್ಕ ಹಾರಿ ಗೋಲಿನಾಗ ಹೋತು. ಸಾಹೇಬ ಗೆರಿ ಹೊರಗ ಬೆತ್ತದ ಕುರ್ಚಿ ಮ್ಯಾಲೆ ಕೂತಿರತಿದ್ದ. ಎದ್ದು ನಿಂತು ಬೈದ ನೋಡ್ರಿ. ನಮ್ಮ ಸಾಹೇಬನ ಒಂದು ಗುಣ ಭಾಳ ಛಂದ ಇತ್ತು. ಬೈಯೋದೆಲ್ಲಾ ಇಂಗ್ಲೀಷಿನಾಗ, ಹೊಗಳೋದೆಲ್ಲಾ ಹಿಂದುಸ್ತಾನಿಯಾಗ. ಹಿಂಗಾಗಿ ಹೊಗಳಿಕೆ ಅಷ್ಟೇ ನಮಗ ತಿಳೀತಿತ್ತು.

ನಮ್ಮಿಬ್ಬರಿಗೆ ಇನ್ನೊಂದು ಅನುಕೂಲ ಇತ್ತು. ಟೀಮಿನಾಗ ಕನ್ನಡದವರು ನಾವಿಬ್ಬರೇ. ಹೊರಗ ಮರಾಠಿ, ಸಾಹೇಬನ ಮುಂದ ಹಿಂದುಸ್ತಾನಿ, ಮೈದಾನದಾಗ ಮಾತ್ರ ನಮ್ಮ ನಮ್ಮೊಳಗ ಕನ್ನಡ. "ಎಡಕ್ಕ ಬಿಡು", "ಬಂದಾ ನೋಡು", "ತಿರುಗಬ್ಯಾಡ" ಅಂತ ಒದರತಿದ್ವಿ, ಎದುರಿನವರಿಗೆ ಒಂದಕ್ಷರ ತಿಳೀತಿರಲಿಲ್ಲ. ನಾ ಮುಂದ ನುಗ್ಗಿದಾಗ ನಾ ಬಿಟ್ಟ ಜಾಗಾಕ್ಕ ವೆಂಕಪ್ಪ ಬಂದು ನಿಲ್ಲತಿದ್ದ. ನಿಂತು ಒಂದೇ ಮಾತು: "ಹಿಂದ ಅದೀನಿ!" ಅದು ಕಿವೀಗೆ ಬಿತ್ತಂದ್ರ ನಾ ತಿರುಗಿ ನೋಡತಿರಲಿಲ್ಲ.

ಒಂದು ವರ್ಷ ಮದ್ರಾಸ್ ಕಡೀ ಪಲ್ಟನ್ ಜೋಡಿ ಮ್ಯಾಚ್ ಇತ್ತು. ಅವರ ಹಿಂದಿನ ಆಟಗಾರ ಒಬ್ಬ ಕಲ್ಲಿನಂಥಾ ಆಳು. ನಾ ಎಲ್ಲಿ ಚೆಂಡು ಕೊಟ್ರೂ ಅಂವ ಮೊದಲೇ ಅಲ್ಲಿ! ಇಂವಗ ದೆವ್ವ ಬಡದದೋ ಏನೋ ಅಂತ ಅಂದುಕೊಂಡೆ. ಅರ್ಧ ಆಟ ಮುಗದು ಲಿಂಬಿಹಣ್ಣು ಚೀಪಿಕೋತ ನಿಂತಾಗ ಅಂವ ಹತ್ರ ಬಂದು, "ಏನ್ರೀ ಅಣ್ಣಾ, ಧಾರ್ವಾಡ ಕಡೇರಾ? ಭಾರೀ ಚೆನ್ನಾಗೈತ್ರಿ ನಿಮ್ಮ ಮಾತು. ಒಂದೂ ಬಿಡದಂಗ ಕೇಳ್ಕಂತಾ ಇದೀನಿ" ಅಂದ. ಬಳ್ಳಾರಿಯಾಂವ! ವೆಂಕಪ್ಪ ಎಂದೂ ನಗದಾಂವ ಅವತ್ತು ಹೊಟ್ಟಿ ಹಿಡಕೊಂಡು ಕೂತ. ಉಳದ ಅರ್ಧ ಆಟ ಬಾಯಿ ಹೊಲಕೊಂಡು ಆಡಿದ್ವಿ, ಸೋತ್ವಿ. ಆದ್ರ ಅವತ್ತಿನಿಂದ ಒದರೋದು ಬಿಟ್ಟು ಕಣ್ಣಿಲೆ ಆಡೋದು ಕಲ್ತ್ವಿ. ಇಟ್ಟುಕೊಂಡದ್ದು ಒಂದೇ ಮಾತು, "ಹಿಂದ ಅದೀನಿ". ಅದು ಎದುರಿನಾಂವಗ ತಿಳದ್ರೂ ಅಂವ ಏನೂ ಮಾಡಲಿಕ್ಕೆ ಆಗತಿರಲಿಲ್ಲ.

ಇಲ್ಲೀತನಕ ಹೇಳಿದ್ದು ನಗೋ ಮಾತು. ಇನ್ನ ಹೇಳೋದನ್ನ, ಹೆಂಡತಿ ಬಿಟ್ರ, ಇಪ್ಪತ್ತು ವರ್ಷ ಯಾರ ಮುಂದೂ ಹೇಳಿದ್ದಿಲ್ಲ.

ಮೂವತ್ತೈದರ ಹೊತ್ತಿಗೆ ನನ್ನ ಬಲಗಾಲಿನ ಮೊಣಕಾಲು ಕೈ ಕೊಡ್ತು. ಒಂದು ಮ್ಯಾಚಿನಾಗ ತಿರುಗಿದೆ, ಒಳಗ ಕಟ್ ಅಂತು. ಆಮ್ಯಾಲೆ ಸಪ್ಪಳಿಲ್ಲದ ಊದಲಿಕ್ಕೆ ಹತ್ತಿತು. ನನ್ನ ಹೆಂಡತಿ ನೀಲವ್ವ ದಿನಾ ಉಪ್ಪು ಬಿಸಿ ಮಾಡಿ ಗಂಟು ಕಟ್ಟಿ ಕಾಸತಿದ್ಳು. ಯಾರಿಗೂ ಹೇಳಬ್ಯಾಡ ಅಂದಿದ್ದೆ. ಹೇಳಿದ್ರ ಹನ್ನೊಂದರಿಂದ ಹೊರಗ, ಹೊರಗ ಬಿದ್ರ ಫೋರ್‌ಮನ್. ಹದಿನೈದು ವರ್ಷ ಫಿಟ್ಟರ್ ಅಂತ ಹೆಸರಿಟ್ಟುಕೊಂಡಾಂವಗ ಒಂದು ಕಬ್ಬಿಣದ ತುಂಡು ನೆಟ್ಟಗ ಹಿಡೀಲಿಕ್ಕೆ ಬರತಿರಲಿಲ್ಲ. ಎರಡು ಮಕ್ಕಳು, ಒಂದು ಖೋಲಿ. ಅಂಜಿದೆ. ಖರೇನೇ ಅಂಜಿದೆ.

ನನ್ನ ದೈವ ನೋಡ್ರಿ, ಅದೇ ಕಾಲಕ್ಕ ಆಟದ ಕಾನೂನು ಬದಲಾತು. ಮೊದಲೆಲ್ಲಾ ಮುಂದಿನಾಂವಗ ಚೆಂಡು ಕೊಡೋ ಹೊತ್ತಿಗೆ ಅಂವನ ಮುಂದ ಗೋಲಿನ ಕಡೆ ಎದುರಿನವರು ಮೂವರು ಇರಬೇಕಿತ್ತು. ಇಬ್ಬರಿದ್ರ ಸಾಕು ಅಂದ್ರು. ಮುಂದಿನವರಿಗೆ ಹಬ್ಬ ಆತು. ಅದಕ್ಕ ನಡುವಿನ ಹಾಫ್‌ಬ್ಯಾಕ್ ಮುಂದ ಹೋಗದ ಹಿಂದೇ ಕಂಬದಂಗ ನಿಲ್ಲಬೇಕು ಅನ್ನೋ ಹೊಸಾ ಪದ್ಧತಿ ಬಂತು. ಬ್ಯಾರೆ ಟೀಮಿನ ನನ್ನ ವಾರಗಿಯವರು ಇದನ್ನ ಬೈಕೋತ ಅಡ್ಡಾಡಿದ್ರು. ನಾ ಮಾತ್ರ ಸಾಹೇಬನ ಮುಂದ ಎದಿ ಉಬ್ಬಿಸಿ, "ಸಾಹೇಬ, ಇನ್ನ ಮ್ಯಾಲೆ ನಾ ಹೊಸಾ ಪದ್ಧತಿ ಪ್ರಕಾರ ಹಿಂದ ನಿಲ್ಲತೀನಿ" ಅಂದೆ. ಸಾಹೇಬ ಖುಷಿಯಾದ. ಮೊಣಕಾಲಿನ ಕುಂಟಿಗೆ ಕಾನೂನಿನ ಕೋಲು ಸಿಕ್ತು ನನಗ.

ನಿಂತ ಆಟಕ್ಕೂ ಕಾಲು ಬೇಕಲ್ಲ! ಎಡಕ್ಕ ತಿರುಗಬಹುದಿತ್ತು, ಬಲಕ್ಕ ತಿರುಗಿದ್ರ ಜೀವ ಹೋಗತಿತ್ತು. ಎರಡನೇ ಮ್ಯಾಚಿನಾಗ ಒಬ್ಬ ನನ್ನ ಬಲಕ್ಕ ಹಾಯ್ದು ಹೋದ. ಗೋಲ್ ಆತು ಅಂತ ಕಣ್ಣು ಮುಚ್ಚಿದೆ. "ಹಿಂದ ಅದೀನಿ!" ಅನ್ನೋ ದನಿ ಕೇಳಿಸ್ತು. ವೆಂಕಪ್ಪ ಎಡಗಡೆಯಿಂದ ಮೈದಾನ ದಾಟಿ ಬಂದು ಚೆಂಡು ಕಸಗೊಂಡಿದ್ದ. ಏನಾಗೇದ ಅಂತ ಅಂವ ಕೇಳಲಿಲ್ಲ, ನಾ ಹೇಳಲಿಲ್ಲ. ಆ ಇಡೀ ಮಳಿಗಾಲ ಅಂವ ತನ್ನ ಜಾಗಾನೂ ಕಾದ, ನನ್ನ ಬಲಗಡೀನೂ ಕಾದ. ಇಬ್ಬರ ಓಟ ಒಬ್ಬನೇ ಓಡಿದ. ನನ್ನ ಹೊಸಾ ಪದ್ಧತಿ ಭಾಳ ಛಂದ ನಡದದ ಅಂತ ಎಲ್ಲಾರೂ ನನ್ನ ಬೆನ್ನು ಚಪ್ಪರಿಸಿದ್ರು.

ಇಬ್ಬರ ಓಟ ಒಬ್ಬ ಓಡಿದ್ರ ಏನಾಗಬೇಕು? ವೆಂಕಪ್ಪ ಸೊರಗಿದ. ಆಟದ ಕೊನೀಗೆ ಅಂವನ ಕಾಲು ಎಳೀಲಿಕ್ಕೆ ಹತ್ತಿದ್ವು. ತನ್ನ ಎಡಗಡೆಗೆ ಹೊಳ್ಳಿ ಬರೋದು ತಡಾ ಆಗತಿತ್ತು. ಬೆತ್ತದ ಕುರ್ಚಿಯಾಂವ ಇದನ್ನ ನೋಡಿದ.

ಸಾಹೇಬ ನನ್ನ ಕಚೇರಿಗೆ ಕರೆಸಿದ. ನಾನು ಕಪ್ತಾನ, ಕೂಡ್ರಲಿಕ್ಕೆ ಕುರ್ಚಿ ಕೊಟ್ಟ. "ವೆಂಕಪ್ಪಾ ಬುಡ್ಢಾ ಹೋ ಗಯಾ," ಅಂದ. "ಪಾಂವ್ ಭಾರೀ ಹೋ ಗಯಾ. ನಯಾ ಆದ್ಮೀ ಲಾವೇಂಗೆ. ತುಮ್ ಕಪ್ತಾನ್ ಹೈ, ತುಮ್ ಬೋಲೋ." ವೆಂಕಪ್ಪ ಮುದುಕ ಆದ, ಕಾಲು ಭಾರ ಆದ್ವು, ಹೊಸಾಬನ್ನ ತರೋಣು, ಕಪ್ತಾನ ನೀನು, ನೀ ಹೇಳು ಅಂತ.

ಹೇಳಲಿಕ್ಕೆ ಒಂದೇ ಮಾತು ಸಾಕಿತ್ತು. ಸಾಹೇಬ, ಮುದುಕ ಆಗಿದ್ದು ಅಂವ ಅಲ್ಲ, ನಾನು. ಅಂವನ ಕಾಲು ದಣದದ್ದು ನನ್ನ ಕಾಲಿನ ಸಲುವಾಗಿ. ನಾ ಗ್ವಾಡಿ ಮ್ಯಾಲಿನ, ನಾವು ಗೆದ್ದ ಕಪ್ಪುಗಳನ್ನ ನೋಡಿದೆ. ನನ್ನ ಖೋಲಿ ಕಣ್ಣಮುಂದ ಬಂತು. ವೆಂಕಪ್ಪಗ ಲೇಥ್ ಕೆಲಸ ಬರ್ತದ, ಅಂವಗೇನು ನೌಕರಿ ಹೋಗೂದಿಲ್ಲ, ಅಂತ ನನ್ನ ಮನಸಿಗೆ ನಾನೇ ಬೆಣ್ಣಿ ಹಚ್ಚಿದೆ.

"ಆಪ್ ಕೀ ಮರ್ಜೀ, ಸಾಹೇಬ್," ಅಂದೆ. ನಿಮ್ಮ ಮನಸಿಗೆ ಬಂದಂಗ ಮಾಡ್ರಿ ಅಂತ.

ಮನಿಗೆ ಬಂದು ನೀಲವ್ವಗ ಹೇಳಿದೆ. ಆಕಿ ಉಪ್ಪಿನ ಗಂಟು ಕೆಳಗಿಟ್ಟು, "ನಾಳಿಂದ ನಿಮ್ಮ ಕಾಲು ನೀವೇ ಕಾಸಿಕೊಳ್ರಿ" ಅಂದ್ಳು. ಅಷ್ಟೇ.

ಮುಂದಿನ ಮ್ಯಾಚಿನಾಗ ವೆಂಕಪ್ಪನ ಜಾಗಾದಾಗ ಹೊಸಾಬ. ಚಲೋ ಆಟಗಾರ, ತನ್ನ ಜಾಗಾ ಬಿಟ್ಟು ಅಲ್ಲಾಡತಿರಲಿಲ್ಲ. ನೆಲಾ ಓದಲಿಕ್ಕೆ ನಾ ಒಬ್ಬನೇ ನಡದೆ, ಒಂದೂ ತಲ್ಯಾಗ ಉಳೀಲಿಲ್ಲ. ಆಟ ಸುರು ಆತು. ಗೋರಾಗಳ ಮುಂದಿನಾಂವ ಮೊದಲನೇ ಸಲಾ ನನ್ನ ಬಲಕ್ಕ ಹಾಯ್ದ, ಗೋಲ್. ಎರಡನೇ ಸಲಾ ಬಲಕ್ಕ ಹಾಯ್ದ, ಗೋಲ್. ಒಂದು ವರ್ಷ ಮುಚ್ಚಿಟ್ಟದ್ದು ಹತ್ತು ನಿಮಿಷದಾಗ ಇಡೀ ಮೈದಾನಕ್ಕ ತಿಳೀತು. ಮೂರನೇ ಸಲಾ ಅಂವನ ತಡೀಲಿಕ್ಕೆ ಬಲಕ್ಕ ತಿರುಗಿದೆ. ಮೊಣಕಾಲು ಮತ್ತ ಕಟ್ ಅಂತು, ಮುಖಾ ಅಡಿಯಾಗಿ ಬಿದ್ದೆ.

ನನ್ನ ಎಬ್ಬಿಸಿದ ಕೈಗೆ ಎಣ್ಣಿ ವಾಸನಿ ಇತ್ತು. ವೆಂಕಪ್ಪ. ಗೆರಿ ಹೊರಗ ನಿಂತು ನೋಡಲಿಕತ್ತಿದ್ನಂತ, ಎಲ್ಲಾರಕಿಂತ ಮೊದಲು ಓಡಿ ಬಂದಿದ್ದ. ನನ್ನ ಹೆಗಲ ಮ್ಯಾಲೆ ಹಾಕ್ಕೊಂಡು ಹೊರಗ ಒಯ್ದ. ಅಂವನ ಮಾರಿ ನೋಡೋ ಧೈರ್ಯ ನನಗಿರಲಿಲ್ಲ.

ತಿಂಗಳ ಮ್ಯಾಲೆ ಕೋಲು ಹಿಡಕೊಂಡು ಫೋರ್‌ಮನ್ ಮುಂದ ನಿಂತೆ. ಫೋರ್‌ಮನ್ ಸಾತಾರಾ ಕಡೀ ಮನಿಶ್ಯಾ, ಆಟ ಅಂದ್ರ ಮೈಮ್ಯಾಲೆ ಚೇಳು ಹರದಂಗ ಮಾಡತಿದ್ದ. ನನ್ನ ಅಂಗೈ ತಿರುಗಿಸಿ ನೋಡಿ, "ಹೇ ಕಾಯ್, ನವರೀಚೇ ಹಾತ್?" ಅಂದ. ಮದುಮಗಳ ಕೈ ಏನೋ ಇವು ಅಂತ. ಸುತ್ತಲಿನವರು ನಕ್ಕರು. ನಾ ಗಂಟು ಕಟ್ಟಲಿಕ್ಕೆ ತಯಾರಾದೆ.

ವೆಂಕಪ್ಪ ಲೇಥ್ ನಿಲ್ಲಿಸಿ ಬಂದ. ಅಷ್ಟು ಮಾತು ಅಂವ ಆಡಿದ್ದು ನಾ ಕೇಳಿದ್ದೇ ಇಲ್ಲ. ಮರಾಠಿಯೊಳಗ ಹೇಳಿದ: ಇಂವನ್ನ ನನ್ನ ಬಾಜೂ ನಿಲ್ಲಸ್ರಿ. ಆರು ತಿಂಗಳು ಕೊಡ್ರಿ, ನಾ ಕಲಸ್ತೀನಿ. ಕಲೀಲಿಲ್ಲ ಅಂದ್ರ ಇಬ್ಬರನ್ನೂ ಹೊರಗ ಹಾಕ್ರಿ.

ಮೂವತ್ತಾರನೇ ವಯಸ್ಸಿಗೆ ನಾ ಕಾನಸು ಹಿಡದೆ. ಮೊದಲನೇ ವಾರ ಅಂಗೈಯಾಗ ಗುಳ್ಳಿ, ಎರಡನೇ ವಾರ ರಕ್ತ. ಸಂಜಿಗೆ ವೆಂಕಪ್ಪನೇ ಎಣ್ಣಿ ಹಚ್ಚತಿದ್ದ. ನಾ ಉಜ್ಜಿದ್ದನ್ನ ವೆಂಕಪ್ಪ ಅಳತಿ ಗೇಜು ಇಟ್ಟು ನೋಡಿ, ಏನೂ ಅನ್ನದ ತಿರುಗಿ ನನ್ನ ಮುಂದ ಇಡತಿದ್ದ. ಒಂದು ದಿನ ಸಿಟ್ಟು ಬಂದು, "ಬೈಯರ ಬೈಯೋ ಮಾರಾಯಾ!" ಅಂದೆ. "ಬೈದ್ರ ಕಬ್ಬಿಣ ಸವೀತದೇನು? ಉಜ್ಜು," ಅಂದ. ಆರು ತಿಂಗಳಿಗೆ ಫೋರ್‌ಮನ್ ನನ್ನ ಕೆಲಸಾ ಬೆಳಕಿಗೆ ಹಿಡದು ನೋಡಿ "ಬರಾ ಆಹೇ" ಅಂದ. ಅಡ್ಡಿಯಿಲ್ಲ ಅಂತ. ಸಾಹೇಬ ಕೊಟ್ಟ ಎಲ್ಲಾ ಕಪ್ಪಿಗಿಂತ ಆ ಒಂದು ಮಾತು ದೊಡ್ಡದಾಗಿ ಕಂಡಿತು ನನಗ. ಮುಂದ ನಾ ಚಲೋ ಫಿಟ್ಟರ್ ಆದೆ, ಹೇಳಿಕೊಳ್ಳಲಿಕ್ಕೆ ನನಗೇನೂ ನಾಚಿಕಿಲ್ಲ. ಚೆಂಡು ತಿಳಿಯೋ ಮನಿಶ್ಯಾಗ ಕಬ್ಬಿಣಾನೂ ತಿಳೀತದ.

ಹದಿನೇಳು ವರ್ಷ ಬಾಜೂಕ ಬಾಜೂ ನಿಂತು ಕೆಲಸ ಮಾಡಿದ್ವಿ. ಅಂವ ಲೇಥಿನ ಮ್ಯಾಲೆ ತಿರುವಿದ ಪಿನ್ನು ನನ್ನ ಕಡೆ ಬರತಿದ್ವು, ನಾ ಕೂಡಿಸತಿದ್ದೆ. ಆಮ್ಯಾಲೆ ಅಂವನ ಪಿನ್ನು ಒಂಚೂರು ದಪ್ಪ ಬರಲಿಕ್ಕೆ ಹತ್ತಿದ್ವು. ಮೊದಲು ಒಂದು, ಆಮ್ಯಾಲೆ ಹತ್ತು, ಆಮ್ಯಾಲೆ ಎಲ್ಲಾನೂ. ತಲೀ ಎತ್ತಿ ನೋಡಿದೆ. ವೆಂಕಪ್ಪ ಗೇಜನ್ನ ಮೂಗಿಗೆ ತಾಗೂವಂಗ ಹಿಡದಿದ್ದ. ಕಣ್ಣಾಗ ಪೊರಿ ಬಂದಿತ್ತು. ತೆಳ್ಳಗ ಕೆತ್ತಿದ್ರ ಪಿನ್ನು ಕೆಟ್ಟಂಗ, ದಪ್ಪ ಬಿಟ್ರ ಉಜ್ಜಿ ಸರಿ ಮಾಡಬಹುದು. ಅದಕ್ಕ ಬೇಕಂತಲೇ ದಪ್ಪ ಬಿಡತಿದ್ದ. ಬಾಜೂಕ ನಾ ಅದೀನಲ್ಲ.

ಏನಾಗೇದ ಅಂತ ನಾ ಕೇಳಲಿಲ್ಲ, ಅಂವ ಹೇಳಲಿಲ್ಲ. ಎರಡು ವರ್ಷ ನನ್ನ ಕೆಲಸಾನೂ ಮಾಡಿದೆ, ಅಂವನ ಪಿನ್ನೂ ಒಂದೊಂದಾಗಿ ಗೇಜಿಗೆ ಹಿಡದು ಉಜ್ಜಿದೆ. ಅಂವನ ಒಂದು ಪಿನ್ನೂ ಕೆಟ್ಟದ್ದಂತ ತಿರುಗಿ ಬರಲಿಲ್ಲ.

ಹೋದ ವರ್ಷ, ದೇಶಕ್ಕ ಸ್ವಾತಂತ್ರ್ಯ ಬಂದ ವರ್ಷ, ಇಬ್ಬರೂ ಒಂದೇ ತಿಂಗಳು ನೌಕರಿ ಮುಗಿಸಿದ್ವಿ. ಕೊನೇ ದಿನ ಸಂಜಿಮುಂದ ಇಬ್ಬರಿಗೂ ಹಾರ ಹಾಕಿದ್ರು. ಹಾರ ಕೈಯಾಗ ಹಿಡಕೊಂಡು ಕ್ಯಾಂಪಿನ ಹಳೇ ಮೈದಾನಕ್ಕ ಹೋದ್ವಿ. ಗೋರಾ ಪಲ್ಟನ್ ಹೊಂಟು ಹೋಗಿತ್ತು, ಗೋಲಿನ ಕಂಬ ಅಷ್ಟೇ ನಿಂತಿದ್ವು. ವೆಂಕಪ್ಪ ಚಪ್ಪಲಿ ಬಿಟ್ಟ, ನಾನೂ ಬಿಟ್ಟೆ. ನಡೀಲಿಕ್ಕೆ ಸುರು ಮಾಡಿದ್ವಿ. ಗೋಲಿನ ಹತ್ರ ಬಂದಾಗ ನನಗ ತಡೀಲಿಕ್ಕಾಗಲಿಲ್ಲ.

"ವೆಂಕ್ಯಾ, ನಿನ್ನ ಹನ್ನೊಂದರಿಂದ ತಗದಾಗ ಸಾಹೇಬ ಮೊದಲು ನನ್ನ ಕೇಳಿದ್ದ. ನಾ..."

"ಗೊತ್ತದ," ಅಂದ. "ಸಾಹೇಬ ನನ್ನೂ ಕರೆಸಿದ್ದ. ಹೊರಗ ಕಿಡಕಿ ಬಾಜೂಕ ನಿಂತಿದ್ದೆ. ಆಪ್ ಕೀ ಮರ್ಜೀ ಅಂದಿ."

ನನ್ನ ಕಾಲು ಅಲ್ಲೇ ನಿಂತ್ವು. ಇಪ್ಪತ್ತು ವರ್ಷ! ಗುಳ್ಳಿ ಬಂದ ಅಂಗೈಗೆ ಎಣ್ಣಿ ಹಚ್ಚಿದಾಗೂ ಇಂವಗ ಇದು ಗೊತ್ತಿತ್ತು.

"ಮತ್ಯಾಕ ಕಲಿಸಿದಿ ನನಗ?"

"ಸಿಟ್ಟು ಬಂದಿತ್ತು. ಭಾಳ ಬಂದಿತ್ತು. ನಾಕು ದಿನ ಅನ್ನ ಸೇರಲಿಲ್ಲ. ನೀ ಸೋಲೋದನ್ನ ನೋಡಬೇಕಂತನೇ ಆ ಮ್ಯಾಚಿಗೆ ಬಂದಿದ್ದೆ. ಆ ಗೋರಾ ನಿನ್ನ ಬಲಕ್ಕ ಹಾಯ್ದ ನೋಡು, ನನಗ ತಿಳೀದಂಗ ನನ್ನ ಕಾಲು ಗೆರಿ ದಾಟಿದ್ವು. ಕಾಲಿಗೆ ಹೇಳಲಿಕ್ಕೆ ಆಗಲಿಲ್ಲಪ್ಪಾ."

ನಾ ಅತ್ತೆ. ಐವತ್ತೈದು ವರ್ಷದ ಮನಿಶ್ಯಾ, ಗೋಲಿನ ಮುಂದ ನಿಂತು ಅತ್ತೆ. ಅಂವ, "ಆತು ಬಿಡು. ಎರಡು ವರ್ಷ ನನ್ನ ಪಿನ್ನು ಯಾರು ಉಜ್ಜಿದ್ರು, ನನಗೇನು ಕಣ್ಣಿಲ್ಲ ಅಂತ ತಿಳದಿ?" ಅಂದು ನಕ್ಕ. ಕಣ್ಣು ಖರೇನೇ ಇರಲಿಲ್ಲ ಅಂವಗ.

ಕತ್ತಲಾಗಲಿಕ್ಕೆ ಬಂದಿತ್ತು. ಮೈದಾನದ ಅಂಚಿಗೆ ನೀರು ಹರಿಯೋ ಒಂದು ತಗ್ಗು ಅದ, ಅದನ್ನ ಇಳದು ಹತ್ತಬೇಕು. ಅಂವ ಅದರ ಮುಂದ ನಿಂತು ಕಾಲಿಲೆ ನೆಲ ತಡಕಿದ. ಕೈ ಹಿಡಿಯೋಣ ಅಂತ ಹೋದೆ. ಹಿಡೀಲಿಲ್ಲ. ಅಂವ ಅಂಥಾವಕ್ಕ ಸಿಟ್ಟಾಗ್ತಾನ.

"ನಡಿಯೋ," ಅಂದೆ. "ಹಿಂದ ಅದೀನಿ."

ಅಂವ ತಿರುಗಿ ನೋಡದ ತಗ್ಗು ಇಳದ.